ಡಂಗುರ ಒಂದೇ, ಕೇಳುವ ಮನೆ ಬೇರೆ

ಮುಂಗೈಯ ಒಳಬದಿಯನ್ನು ಬೆಳಕಿಗೆ ಹಿಡಿದು, ಸ್ಕೇಲಿನ ಅಂಚಿನಿಂದ ಒಂದು ಗೆರೆಯನ್ನು ಸ್ವಲ್ಪ ಒತ್ತಿ ಎಳೆಯಿರಿ. ಕೆಲವೇ ಸೆಕೆಂಡುಗಳಲ್ಲಿ ಎಳೆದ ಜಾಗ ಕೆಂಪಾಗುತ್ತದೆ. ಕೊಂಚ ಗಟ್ಟಿಯಾಗಿ ಎಳೆದಿದ್ದರೆ ಗೆರೆಯ ಎರಡೂ ಬದಿಗೆ ತಿಳಿಗೆಂಪು ಹರಡುತ್ತದೆ. ಚರ್ಮ ಸೂಕ್ಷ್ಮವಾಗಿರುವವರಲ್ಲಿ ಎರಡು ಮೂರು ನಿಮಿಷದೊಳಗೆ ಗೆರೆಯೇ ಉಬ್ಬಿ, ಸೊಳ್ಳೆ ಕಚ್ಚಿದಾಗ ಏಳುವ ದದ್ದಿನಂತೆ ಕೈಗೆ ಸಿಗುತ್ತದೆ. ಮೊದಲು ಕೆಂಪು, ಆಮೇಲೆ ಹರಡಿದ ಕೆಂಪು, ಕೊನೆಗೆ ಊತ.

ಇದನ್ನು ಕೂತು ಗಮನಿಸಿ, ಅಳೆದು, ಬರೆದಿಟ್ಟವನು ಚರ್ಮದ ವೈದ್ಯನಲ್ಲ, ಹೃದಯದ ವೈದ್ಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಥಾಮಸ್ ಲೂಯಿಸ್. ಇಸಿಜಿ ಯಂತ್ರವನ್ನು ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯ ಪಕ್ಕಕ್ಕೆ ತಂದವರಲ್ಲಿ ಮುಖ್ಯನಾದವನು. ಮನುಷ್ಯನ ಚರ್ಮದ ರಕ್ತನಾಳಗಳ ಬಗ್ಗೆ 1927ರಲ್ಲಿ ಆತ ಒಂದು ದೊಡ್ಡ ಪುಸ್ತಕವನ್ನೇ ಹೊರತಂದ. ಗಾಸಿಯಾದ ಚರ್ಮ ತನ್ನೊಳಗಿನಿಂದಲೇ ಏನನ್ನೋ ಬಿಡುಗಡೆ ಮಾಡುತ್ತದೆ, ಅದೇ ಈ ಮೂರೂ ಆಟ ಆಡಿಸುತ್ತದೆ ಎಂದು ಹೇಳಿ, ಅದಕ್ಕೆ ‘ಎಚ್ ವಸ್ತು’ ಎಂದು ಎಚ್ಚರಿಕೆಯ ಹೆಸರಿಟ್ಟ. ಆ ವಸ್ತು ಹಿಸ್ಟಮಿನ್ ಎಂದು ಇಂದು ನಮಗೆ ಗೊತ್ತು.

ಹಿಸ್ಟಮಿನ್ ಎಂದೊಡನೆ ನಮಗೆ ನೆನಪಾಗುವುದು ಶೀತ, ಸೀನು, ಪಿತ್ತದ ಗಂಧೆ. ಹಿಂದೆ ಗಂಧೆ ಎದ್ದರೆ ಅಜ್ಜಿ ಕಂಬಳಿಯಿಂದ ಮೈ ಉಜ್ಜುತ್ತಿದ್ದಳು. ಈಗ ಮನೆಯ ಔಷಧಿ ಡಬ್ಬಿಯಲ್ಲಿ ಅವಿಲ್ ಅಥವಾ ಸೆಟ್ರಿಜಿನ್ ಇದ್ದೇ ಇರುತ್ತದೆ. ಚರ್ಮದ ಮೇಲೆ ನಡೆಯುವ ಈ ಕಥೆ ಹೃದಯದ ರಕ್ತನಾಳದ ಒಳಗೂ ನಡೆಯುತ್ತದೆ ಎಂದರೆ ಹೆಚ್ಚಿನವರು ಹುಬ್ಬೇರಿಸುತ್ತಾರೆ. ಅಲ್ಲಿ ಅದು ತುರಿಸುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಕೆಲವೊಮ್ಮೆ ಎದೆನೋವಾಗಿರುತ್ತದೆ.

ರಕ್ತನಾಳವನ್ನು ನಾವು ನಲ್ಲಿಯ ಪೈಪಿಗೆ ಹೋಲಿಸಿಯೇ ರೂಢಿ. ಒಳಗೆ ಕೊಬ್ಬು ಕಟ್ಟಿತು, ಬ್ಲಾಕ್ ಆಯಿತು, ಸ್ಟೆಂಟ್ ಹಾಕಿ ಬಿಡಿಸಿದರು. ರೋಗಿಗೆ ವಿವರಿಸಲು ಈ ಹೋಲಿಕೆ ಸಾಕು. ಆದರೆ ಪೈಪಿಗೆ ಕಿವಿ ಇಲ್ಲ, ಅಪಧಮನಿಗೆ ಇದೆ. ಅದರ ಗೋಡೆಯ ಜೀವಕೋಶಗಳ ಮೇಲೆ ಸಾವಿರಾರು ರಿಸೆಪ್ಟರ್‌ಗಳು ಕೂತಿವೆ. ಪಠ್ಯಪುಸ್ತಕದಲ್ಲಿ ಇವಕ್ಕೆ ‘ಗ್ರಾಹಕ’ ಎಂದು ಹೆಸರು. ಆ ಪದ ಕೇಳಿದರೆ ಬ್ಯಾಂಕಿನ ಮುಂದಿನ ಸರದಿ ಸಾಲು ನೆನಪಾಗುತ್ತದಾದ್ದರಿಂದ ಇಲ್ಲಿ ರಿಸೆಪ್ಟರ್ ಎಂದೇ ಕರೆಯೋಣ. ಹಿಸ್ಟಮಿನ್ ಊರಲ್ಲಿ ಡಂಗುರ ಸಾರುವವನಿದ್ದಂತೆ. ಅವನು ಸಾರುವುದು ಒಂದೇ ಮಾತು. ಅದನ್ನು ಕೇಳಿ ಒಂದು ಮನೆಯವರು ಬಾಗಿಲು ತೆರೆಯುತ್ತಾರೆ, ಇನ್ನೊಂದು ಮನೆಯವರು ಅಗುಳಿ ಹಾಕಿಕೊಳ್ಳುತ್ತಾರೆ. ಯಾರು ಏನು ಮಾಡುತ್ತಾರೆ ಎನ್ನುವುದು ಡಂಗುರದಲ್ಲಿ ಇಲ್ಲ, ಮನೆಯಲ್ಲಿದೆ. ರಕ್ತನಾಳದ ರೋಗದಲ್ಲಿ ಹಿಸ್ಟಮಿನ್ನಿನ ಪಾತ್ರ ಏನೆಂದು ಕೇಳಿದರೆ ನೇರ ಉತ್ತರ ಸಿಗದಿರುವುದು ಈ ಕಾರಣಕ್ಕೇ.

ಈ ಗೊಂದಲ ಮೊದಲ ದಿನದಿಂದಲೂ ಇತ್ತು. ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ 1910ರಲ್ಲಿ ಹಿಸ್ಟಮಿನ್ನಿನ ಗುಣಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಬೆಕ್ಕು, ನಾಯಿಗಳ ರಕ್ತದೊತ್ತಡ ಕುಸಿಯಿತು. ಮೊಲದಂಥ ಪ್ರಾಣಿಗಳಲ್ಲಿ ಅದೇ ವಸ್ತು ರಕ್ತನಾಳವನ್ನು ಬಿಗಿಯುವ ಕಡೆಗೆ ವಾಲಿತು. ಮುಂದೆ 1937ರಲ್ಲಿ ಪ್ಯಾರಿಸ್ಸಿನಲ್ಲಿ ಡೇನಿಯಲ್ ಬೊವೆ ಮೊದಲ ಆಂಟಿಹಿಸ್ಟಮಿನ್‌ಗಳ ಹಾದಿ ತೆರೆದಾಗ ಇನ್ನೊಂದು ವಿಚಿತ್ರ ಕಂಡಿತು. ಈ ಔಷಧಿಗಳು ತುರಿಕೆಯನ್ನು, ಸೀನನ್ನು ನಿಲ್ಲಿಸುತ್ತಿದ್ದವು. ಹಿಸ್ಟಮಿನ್ನಿನಿಂದಲೇ ಆಗುವ ಹೊಟ್ಟೆಯ ಆಮ್ಲದ ಸ್ರವಿಕೆಯನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಅಂದರೆ ರಿಸೆಪ್ಟರ್ ಎಂಬ ಬಾಗಿಲು ಒಂದಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1972ರಲ್ಲಿ ಎರಡನೆಯ ಬಾಗಿಲನ್ನು ತೋರಿಸಿಕೊಟ್ಟು ಎಚ್2 ಎಂದ; ತುರಿಕೆ, ಸೀನಿನ ಮೊದಲ ಬಾಗಿಲು ಎಚ್1. ಅದಕ್ಕೆ ಬೀಗ ಹಾಕುವ ಸಿಮೆಟಿಡಿನ್ 1976ರಲ್ಲಿ ಮಾರುಕಟ್ಟೆಗೆ ಬಂದು ಹೊಟ್ಟೆಯ ಹುಣ್ಣಿನ ಚಿಕಿತ್ಸೆಯನ್ನೇ ಬದಲಿಸಿತು. ಹೃದಯರೋಗಿಗಳಿಗೆ ಪ್ರೊಪ್ರನಲಾಲ್ ಮಾತ್ರೆ ಕೊಟ್ಟವನೂ ಇದೇ ಬ್ಲ್ಯಾಕ್. 1988ರ ನೊಬೆಲ್ ಎರಡೂ ಕೆಲಸಗಳನ್ನು ಗೌರವಿಸಿತು. ಎಚ್2ರ ಬಳಿಕ 1983ರಲ್ಲಿ ಎಚ್3, 2000ದ ಹೊತ್ತಿಗೆ ಎಚ್4 ಪತ್ತೆಯಾದವು. ಎಚ್3 ಮುಖ್ಯವಾಗಿ ನರಗಳ ತುದಿಯಲ್ಲಿದೆ, ಎಚ್4 ರೋಗನಿರೋಧಕ ಕೋಶಗಳ ಮೇಲಿದೆ. ರಕ್ತನಾಳದ ಗೋಡೆಯಲ್ಲಿ ದೊಡ್ಡ ಆಟವೆಲ್ಲ ಎಚ್1 ಮತ್ತು ಎಚ್2ರದ್ದು.

ಗೋಡೆಗೆ ಹತ್ತಿರ ಹೋಗಿ ನೋಡೋಣ. ರಕ್ತವನ್ನು ಮುಟ್ಟಿಕೊಂಡಿರುವ ಒಳಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ಅದರ ಹಿಂದೆ ವೃತ್ತಾಕಾರವಾಗಿ ಸುತ್ತಿಕೊಂಡ ಸ್ನಾಯು. ಒಳಪದರದ ಎಚ್1ಕ್ಕೆ ಹಿಸ್ಟಮಿನ್ ಬಂದು ಕೂತರೆ ಆ ಕೋಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ಹಿಂದಿನ ಸ್ನಾಯುವನ್ನು ಸಡಿಲಗೊಳಿಸಿ ನಾಳ ಅಗಲವಾಗುತ್ತದೆ. ಸ್ನಾಯುವಿನ ಮೇಲೂ ಎಚ್1 ಇದೆ. ಆದರೆ ಹಿಸ್ಟಮಿನ್ ನೇರವಾಗಿ ಅಲ್ಲಿಗೇ ತಲುಪಿದರೆ ಸ್ನಾಯು ಬಿಗಿದುಕೊಳ್ಳುತ್ತದೆ. ಅದೇ ಸ್ನಾಯುವಿನ ಎಚ್2 ಮತ್ತೆ ಸಡಿಲಗೊಳಿಸುವ ಕಡೆಗೆ. ಒಂದೇ ಕೀಲಿ, ಒಂದೇ ಮಾದರಿಯ ಬೀಗ, ಎರಡು ಅಂಗುಲವೂ ಅಲ್ಲ, ಎರಡು ಕೋಶಗಳ ಅಂತರದಲ್ಲಿ ತದ್ವಿರುದ್ಧ ಫಲ.

ಆರೋಗ್ಯವಂತ ಅಪಧಮನಿಯಲ್ಲಿ ಒಳಪದರದ ಮಾತೇ ನಡೆಯುತ್ತದೆ. ಆದರೆ ಬೀಡಿ-ಸಿಗರೇಟು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಏರಿದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇವೆಲ್ಲ ಮೊದಲು ಕೆಡಿಸುವುದು ಆ ಒಳಪದರವನ್ನೇ. ಅದು ಕೆಟ್ಟ ಕಡೆ ಸಡಿಲಗೊಳಿಸುವ ಸದ್ದು ಅಡಗಿ, ಬಿಗಿಯುವ ಸದ್ದು ಮಾತ್ರ ಉಳಿಯುತ್ತದೆ. ಒಳಪದರದ ಈ ಮಹಿಮೆ ತಿಳಿದದ್ದೂ ಒಂದು ಕೈತಪ್ಪಿನಿಂದ. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಅಪಧಮನಿಯ ತುಂಡುಗಳನ್ನು ಅಸಿಟೈಲ್‌ಕೊಲಿನ್ ಎಂಬ ಇನ್ನೊಂದು ಸಂದೇಶವಾಹಕದಲ್ಲಿ ಅದ್ದುತ್ತಿದ್ದ. ವರ್ಷಗಟ್ಟಲೆ ಅವು ಬಿಗಿಯುತ್ತಲೇ ಬಂದಿದ್ದವು. ಒಮ್ಮೆ ತುಂಡನ್ನು ಬೇರೆ ರೀತಿಯಲ್ಲಿ ಕತ್ತರಿಸಿದಾಗ ಅದು ಬಿಗಿಯುವ ಬದಲು ಸಡಿಲವಾಯಿತು. ಕಾರಣ ಹುಡುಕುತ್ತಾ ಹೋದರೆ, ಹಿಂದಿನ ತುಂಡುಗಳಲ್ಲಿ ತಯಾರಿಯ ಹೊತ್ತಿಗೆ ಒಳಪದರ ಉಜ್ಜಿಹೋಗುತ್ತಿತ್ತು! ಇದನ್ನು 1980ರಲ್ಲಿ ಪ್ರಕಟಿಸಿದ ಫರ್ಚ್‌ಗಾಟ್‌ಗೆ 1998ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಅಸಿಟೈಲ್‌ಕೊಲಿನ್ನಿಗೆ ನಿಜವಾದ ಈ ಮಾತು ಹಿಸ್ಟಮಿನ್ನಿಗೂ ನಿಜ. ಹೃದಯದ ರಕ್ತನಾಳ ಸೆಳೆತ ಹಿಡಿಯುತ್ತದೆಯೇ ಎಂದು ಪರೀಕ್ಷಿಸಲು 1980ರ ದಶಕದ ಆರಂಭದಲ್ಲಿ ವೈದ್ಯರು ಆಸ್ಪತ್ರೆಯ ಕಾವಲಿನಲ್ಲಿ ರೋಗಿಗಳಿಗೆ ಹಿಸ್ಟಮಿನ್ ಕೊಟ್ಟು ನೋಡಿದ್ದೂ ಉಂಟು. ಕೆಲವರಲ್ಲಿ ನಾಳ ಹಿಂಡಿದಂತೆ ಕಿರಿದಾಯಿತು.

ಕಿರಿದಾದರೆ ಏನಾಗುತ್ತದೆ ಎನ್ನುವುದಕ್ಕೆ ಪೈಪಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳದ ಒಳ ಅಗಲ ಸುಮಾರು 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒತ್ತಡ ಅಷ್ಟೇ ಇದ್ದು ಅಗಲ 3.2 ಮಿಲಿಮೀಟರಿಗೆ ಇಳಿದರೆ, ಅಂದರೆ ಐದರಲ್ಲಿ ಒಂದು ಪಾಲು ಮಾತ್ರ ಕುಗ್ಗಿದರೆ, ಹರಿವು ಶೇ 80ಕ್ಕೆ ಇಳಿಯುವುದಿಲ್ಲ. ಸುಮಾರು ಶೇ 41ಕ್ಕೆ ಬೀಳುತ್ತದೆ. ಅರ್ಧಕ್ಕೆ ಕುಗ್ಗಿದರೆ ಹದಿನಾರನೆಯ ಒಂದು ಪಾಲು. ಹರಿವು ಅಗಲದ ನಾಲ್ಕನೆಯ ಘಾತವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಕೊಬ್ಬು ಕಟ್ಟಿ ಮೊದಲೇ ಇಕ್ಕಟ್ಟಾದ ನಾಳಕ್ಕೆ ಮೇಲಿಂದ ಒಂದಿಷ್ಟು ಸೆಳೆತ ಸೇರಿದರೆ ಹೃದಯ ಸ್ನಾಯುವಿನ ಪಾಡೇನು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಹೃದಯದಲ್ಲಿ ಹಿಸ್ಟಮಿನ್ ಎಲ್ಲಿಂದ ಬರುತ್ತದೆ? ಮಾಸ್ಟ್ ಕೋಶಗಳಿಂದ. ಪಾಲ್ ಎರ್ಲಿಕ್ 1878ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇವನ್ನು ಬಣ್ಣ ಹಾಕಿ ಗುರುತಿಸಿದ. ಮೈತುಂಬ ಕಾಳುಗಳಿದ್ದ ಅವು ಚೆನ್ನಾಗಿ ಉಂಡು ಕೂತಂತೆ ಕಂಡದ್ದರಿಂದ ಜರ್ಮನ್ ಭಾಷೆಯಲ್ಲಿ ಆ ಹೆಸರಿಟ್ಟ. ಆ ಕಾಳುಗಳು ಉಂಡದ್ದಲ್ಲ, ಕೂಡಿಟ್ಟದ್ದು: ಹಿಸ್ಟಮಿನ್, ಹೆಪಾರಿನ್, ಜೊತೆಗೆ ಟ್ರಿಪ್ಟೇಸ್, ಕೈಮೇಸ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಚರ್ಮ, ಮೂಗು, ಕರುಳಿನಲ್ಲಷ್ಟೇ ಅಲ್ಲ, ಹೃದಯದ ಸ್ನಾಯುಗಳ ನಡುವೆ, ಅದರ ರಕ್ತನಾಳಗಳ ಸುತ್ತ ಕೂಡ ಇವು ಇರುತ್ತವೆ. ಹೆಜ್ಜೇನು ಕಡಿದಾಗ, ಮೈಗೆ ಒಗ್ಗದ ಔಷಧಿ ಒಳಗೆ ಹೋದಾಗ ಚರ್ಮದ ಮಾಸ್ಟ್ ಕೋಶಗಳು ಒಡೆದಂತೆ ಹೃದಯದವೂ ಒಡೆಯಬಹುದು.

ಗ್ರೀಸ್ ದೇಶದ ಪಟ್ರಾಸ್ ನಗರದ ಹೃದ್ರೋಗ ತಜ್ಞ ನಿಕೋಲಾಸ್ ಕೂನಿಸ್ ಅಲರ್ಜಿ ಮತ್ತು ಹೃದಯ ಎಂಬ ಈ ಎರಡು ತುದಿಗಳನ್ನು 1991ರಲ್ಲಿ ಗಂಟು ಹಾಕಿದ. ಅಲರ್ಜಿಯ ಜೊತೆಗೇ ಬರುವ ಹೃದಯದ ನೋವಿಗೆ ‘ಅಲರ್ಜಿಕ್ ಆಂಜೈನಾ’ ಎಂಬ ಪರಿಕಲ್ಪನೆಯನ್ನು ಸಹೋದ್ಯೋಗಿ ಜಾವ್ರಾಸ್ ಜೊತೆ ಮುಂದಿಟ್ಟ. ಇಂದು ವೈದ್ಯಕೀಯ ಪುಸ್ತಕಗಳಲ್ಲಿ ಅದು ಕೂನಿಸ್ ಸಿಂಡ್ರೋಮ್. ಇದರಲ್ಲಿ ಮೂರು ಬಗೆ. ನಾಳದಲ್ಲಿ ಬ್ಲಾಕ್ ಇಲ್ಲದೆಯೂ ಸೆಳೆತ ಹಿಡಿಯುವುದು ಮೊದಲನೆಯದು. ಈಗಾಗಲೇ ಇದ್ದ ಕೊಬ್ಬಿನ ದಿಬ್ಬ ಅಲರ್ಜಿಯ ಹೊಡೆತಕ್ಕೆ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟುವುದು ಎರಡನೆಯದು. ಹಾಕಿಸಿಕೊಂಡ ಸ್ಟೆಂಟಿನೊಳಗೇ ಹೆಪ್ಪುಗಟ್ಟುವುದು ಮೂರನೆಯದು. ಜೇನು, ಕಣಜ, ಸಿಗಡಿ, ಆ್ಯಂಟಿಬಯೋಟಿಕ್, ನೋವಿನ ಮಾತ್ರೆ, ಸ್ಕ್ಯಾನಿಂಗಿಗೆ ಕೊಡುವ ಡೈ, ಇವೆಲ್ಲವೂ ಇದಕ್ಕೆ ಕಾರಣವಾದ ಉದಾಹರಣೆಗಳಿವೆ.

ಇಷ್ಟು ಹೇಳಿದ್ದು ನಿಮಿಷಗಳಲ್ಲಿ ನಡೆಯುವ ಅವಘಡ. ಇನ್ನೊಂದು ಕಥೆ ದಶಕಗಳದ್ದು. ಅಪಧಮನಿಯ ಗೋಡೆಯಲ್ಲಿ ಎಲ್‌ಡಿಎಲ್ ಕಣಗಳು ನುಸುಳಿ, ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಉಬ್ಬಿ ಸತ್ತು, ದಿಬ್ಬ ಬೆಳೆಯುತ್ತದೆ. ಚರ್ಮದ ಮೇಲಿನ ಆ ಗೆರೆ ಏಕೆ ಊದಿಕೊಂಡಿತು ನೆನಪಿಸಿಕೊಳ್ಳಿ. ಎಚ್1 ಮೂಲಕ ಹಿಸ್ಟಮಿನ್ ಒಳಪದರದ ಕೋಶಗಳ ನಡುವಿನ ಸಂದುಗಳನ್ನು ಸಡಿಲಿಸಿ, ರಕ್ತದ ನೀರಂಶ ಹೊರಗೆ ಸೋರುವಂತೆ ಮಾಡಿತ್ತು. ನೀರು ಸೋರುವ ಕಡೆ ಕೊಬ್ಬಿನ ಕಣವೂ ನುಸುಳಬಾರದೇಕೆ? ಈ ಅನುಮಾನವನ್ನು ಇಲಿಗಳ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ರಕ್ತನಾಳದ ಕೊಬ್ಬಿನ ರೋಗ ಬೇಗ ಬರುವಂತೆ ಸಾಕಿದ ಇಲಿಗಳಲ್ಲಿ ಎಚ್1ಕ್ಕೆ ಬೀಗ ಹಾಕುವ ಮೆಪಿರಮಿನ್ ಕೊಟ್ಟಾಗ ದಿಬ್ಬಗಳು ಚಿಕ್ಕದಾದವು, ಗೋಡೆಯೊಳಗೆ ಎಲ್‌ಡಿಎಲ್ ನುಸುಳುವುದೂ ತಗ್ಗಿತು. ಎಚ್2ಕ್ಕೆ ಬೀಗ ಹಾಕಿದರೆ ಆ ಪ್ರಯೋಜನ ಸಿಗಲಿಲ್ಲ. ಹಿಸ್ಟಮಿನ್ ತಯಾರಿಸುವ ಕಿಣ್ವವೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಜಪಾನಿನ ಸಂಶೋಧಕರು ಇನ್ನೂ ಸ್ವಾರಸ್ಯದ ಸಂಗತಿ ಕಂಡರು: ರಕ್ತದ ಕೊಲೆಸ್ಟ್ರಾಲ್ ಇಳಿಯದಿದ್ದರೂ ದಿಬ್ಬ ಕಡಿಮೆಯಾಯಿತು. ಅಂದರೆ ರಕ್ತದಲ್ಲಿ ಎಷ್ಟು ಕೊಬ್ಬಿದೆ ಎನ್ನುವುದರ ಜೊತೆಗೆ, ಗೋಡೆ ಅದಕ್ಕೆ ಎಷ್ಟು ದಾರಿ ಬಿಡುತ್ತದೆ, ಅದರ ಸುತ್ತ ಎಷ್ಟು ಉರಿ ಏಳುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮನುಷ್ಯರಲ್ಲಿ? ಫಿನ್ಲೆಂಡಿನ ಪೆಟ್ರಿ ಕೊವಾನೆನ್ ಮತ್ತು ಸಂಗಡಿಗರು ಹೃದಯಾಘಾತದಿಂದ ಸತ್ತವರ ಅಪಧಮನಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಮಾಸ್ಟ್ ಕೋಶಗಳನ್ನು ಒಂದೊಂದಾಗಿ ಎಣಿಸಿದರು. ಆ ವರದಿ 1995ರಲ್ಲಿ ಬಂತು. ರೋಗವಿಲ್ಲದ ಕಡೆ ಒಳಗೋಡೆಯ ಸಾವಿರ ಕೋಶಗಳಲ್ಲಿ ಒಂದು ಮಾಸ್ಟ್ ಕೋಶವಿದ್ದರೆ, ಕೊಬ್ಬಿನ ದಿಬ್ಬದಲ್ಲಿ ನೂರಕ್ಕೆ ಒಂದು, ದಿಬ್ಬ ಬಿರಿದ ಜಾಗದಲ್ಲಿ ನೂರಕ್ಕೆ ಆರು. ಬಿರುಕಿನ ಬಳಿ ಇದ್ದವುಗಳಲ್ಲಿ ಹೆಚ್ಚಿನವು ತಮ್ಮ ಕಾಳುಗಳನ್ನು ಹೊರಚೆಲ್ಲಿದ್ದವು. ದಿಬ್ಬದ ಮೇಲಿನ ನಾರಿನ ಮುಚ್ಚಳವನ್ನು ಟ್ರಿಪ್ಟೇಸ್, ಕೈಮೇಸ್ ಸವೆಸುತ್ತವೆ, ಹಿಸ್ಟಮಿನ್ ನಾಳವನ್ನು ಹಿಂಡುತ್ತದೆ. ಈ ಮಾಸ್ಟ್ ಕೋಶಗಳೇ ಕಳ್ಳರೋ, ಕಳ್ಳತನವಾದ ಮೇಲೆ ಬಂದು ಸೇರಿದವರೋ ಎಂಬ ಪ್ರಶ್ನೆ ಎತ್ತಬಹುದು. ಆದರೆ ಸ್ಥಳದಲ್ಲಿ ಅವರಿದ್ದರು, ಕೈಯಲ್ಲಿ ಹತಾರವೂ ಇತ್ತು.

ಇಲ್ಲಿಗೆ ಬಂದ ಓದುಗರ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಶುರುವಾಗಿರುತ್ತದೆ: ಹಾಗಾದರೆ ದಿನಕ್ಕೊಂದು ಸೆಟ್ರಿಜಿನ್ ನುಂಗಿದರೆ ಹೃದಯಕ್ಕೆ ಒಳ್ಳೆಯದಲ್ಲವೇ? ಅಲ್ಲ. ಇಲಿಗಳ ಮೇಲಿನ ಇನ್ನೊಂದು ಅಧ್ಯಯನದಲ್ಲಿ ಸೆಟ್ರಿಜಿನ್ ಮತ್ತು ಫೆಕ್ಸೊಫೆನಡಿನ್ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕೊಬ್ಬಿನ ದಿಬ್ಬ ಹೆಚ್ಚಾಯಿತು. ಒಂದೇ ಬಾಗಿಲಿಗೆ ಬೀಗ ಹಾಕುವ ಔಷಧಿಗಳಲ್ಲಿ ಮೆಪಿರಮಿನ್ ಒಂದು ದಿಕ್ಕಿಗೆ, ಇವೆರಡು ಇನ್ನೊಂದು ದಿಕ್ಕಿಗೆ ಕೈ ತೋರಿಸಿದವು. ಒಂದು ಬಾಗಿಲು ಮುಚ್ಚಿದರೆ ಹಿಸ್ಟಮಿನ್ ಉಳಿದ ಬಾಗಿಲುಗಳ ಕಡೆ ಹೋಗುತ್ತದೆ ಎನ್ನುವುದನ್ನು ನೆನೆದರೆ ಇದೇನೂ ಪವಾಡವಲ್ಲ. ಆಂಟಿಹಿಸ್ಟಮಿನ್ ಎಂದರೆ ಸದಾ ನಿರಪಾಯ ಎನ್ನುವಂತೆಯೂ ಇಲ್ಲ. ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದ ಟರ್ಫೆನಡಿನ್, ಅಸ್ಟೆಮಿಜೋಲ್ ಹೃದಯದ ಲಯವನ್ನೇ ಅಪಾಯಕಾರಿಯಾಗಿ ಕೆಡಿಸಬಲ್ಲವು ಎಂದು ತಿಳಿದು 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದವು. ಅಪಧಮನಿಯ ಕೊಬ್ಬಿನ ರೋಗಕ್ಕೆ ಆಂಟಿಹಿಸ್ಟಮಿನ್ ಚಿಕಿತ್ಸೆಯಲ್ಲ. ಅಲರ್ಜಿಗೆಂದು ವೈದ್ಯರು ಬರೆದುಕೊಟ್ಟದ್ದನ್ನು ಈ ಬರಹ ಓದಿ ಬಿಡುವುದೂ ಬೇಡ.

ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಬಂಗುಡೆ, ಟ್ಯೂನಾ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಹಿಡಿದ ಮೇಲೆ ಸಾಕಷ್ಟು ಐಸ್ ಹಾಕದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಇದಕ್ಕೆ ಮಾಸ್ಟ್ ಕೋಶವೂ ಬೇಡ, ಅಲರ್ಜಿಯೂ ಬೇಡ. ಮಸಾಲೆ ಹಚ್ಚಿ ಕಾವಲಿಯ ಮೇಲೆ ಗರಿಗರಿಯಾಗಿ ಹುರಿದರೂ, ಸಾರಿನಲ್ಲಿ ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಅದು ಬಿಸಿಗೆ ಬಗ್ಗುವ ವಸ್ತುವಲ್ಲ. ತಿಂದ ಕೆಲವು ನಿಮಿಷದಿಂದ ಒಂದು ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟುತ್ತದೆ. ‘ನನಗೆ ಮೀನು ಆಗಿಬರುವುದಿಲ್ಲ’ ಎಂದು ಜೀವಮಾನವಿಡೀ ಮೀನು ಬಿಟ್ಟವರಲ್ಲಿ ಕೆಲವರಿಗೆ ಆಗಿಬಾರದೆ ಹೋದದ್ದು ಮೀನಲ್ಲ, ಐಸ್ ಇಲ್ಲದ ಬುಟ್ಟಿ. ಹೆಚ್ಚಿನವರಲ್ಲಿ ಇದು ತಾನಾಗಿ ಇಳಿಯುತ್ತದೆ. ಹೃದಯದ ನಾಳ ಸೆಳೆತ ಹಿಡಿದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು. ಕರುಳಿನಲ್ಲಿ ಹಿಸ್ಟಮಿನ್ನನ್ನು ಒಡೆದುಹಾಕುವ ಕಿಣ್ವವನ್ನು ಆ ಮಾತ್ರೆ ತಡೆಯುತ್ತದೆ.

ಹಾಗೆಂದು ಹಿಸ್ಟಮಿನ್ನನ್ನು ಖಳನಾಯಕನ ಸ್ಥಾನದಲ್ಲಿ ಕೂರಿಸಬೇಕಿಲ್ಲ. ಡಂಗುರದವನು ಊರು ಕೆಡಿಸಿದವನಲ್ಲ. ಕೆಟ್ಟ ಮನೆಯ ಮುಂದೆ ಅವನ ಸದ್ದು ಕೆಟ್ಟ ಫಲ ಕೊಡುತ್ತದೆ, ಅಷ್ಟೆ. ಮನೆಯನ್ನು ಗಟ್ಟಿಯಾಗಿಡುವ ದಾರಿ ಹಳೆಯದೇ: ತಂಬಾಕು ಬಿಡುವುದು, ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್ ಮೂರನ್ನೂ ಹತೋಟಿಯಲ್ಲಿಡುವುದು. ಥಾಮಸ್ ಲೂಯಿಸ್ ಇದನ್ನು ಸ್ವಂತ ಮೈಯಲ್ಲಿ ಕಲಿತ. ಚರ್ಮದ ರಕ್ತನಾಳಗಳ ಪುಸ್ತಕ ಹೊರಬಂದ ಸುಮಾರಿಗೇ, 45ರ ವಯಸ್ಸಿನಲ್ಲಿ ಅವನಿಗೆ ಹೃದಯಾಘಾತವಾಯಿತು. ದಿನಕ್ಕೆ 70 ಸಿಗರೇಟು ಸೇದುತ್ತಿದ್ದವನು ಅಂದಿಗೆ ನಿಲ್ಲಿಸಿದ. ಆಮೇಲೂ ಹದಿನೆಂಟು ವರ್ಷದಷ್ಟು ಬದುಕಿ, 1945ರಲ್ಲಿ ಹೃದಯದ ರಕ್ತನಾಳದ ರೋಗದಿಂದಲೇ ತೀರಿಕೊಂಡ.

ಕೊನೆಯದಾಗಿ, ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಎರಡು ಸಂಗತಿ. ಜೇನು ಕಡಿದು ಅಥವಾ ಔಷಧಿ ಒಗ್ಗದೆ ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಕಂಡರೆ ಅವಿಲ್ ಕೊಟ್ಟು ಕಾಯುತ್ತಾ ಕೂರಬೇಡಿ. ಅಂಥ ಹೊತ್ತಿನ ಮೊದಲ ಔಷಧಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದು ಸಿಗುವುದು ಆಸ್ಪತ್ರೆಯಲ್ಲಿ. ಇನ್ನೊಂದು, ಎದೆನೋವು ಎಂದು ಯಾರನ್ನಾದರೂ ಎಮರ್ಜೆನ್ಸಿಗೆ ಕರೆದುಕೊಂಡು ಹೋದಾಗ ವಯಸ್ಸು, ಬಿಪಿ, ಶುಗರ್ ಹೇಳಿ ಸುಮ್ಮನಾಗಬೇಡಿ. ಹಿಂದಿನ ಒಂದೆರಡು ಗಂಟೆಯಲ್ಲಿ ಏನು ಕಡಿಯಿತು, ಏನು ತಿಂದರು, ಯಾವ ಹೊಸ ಮಾತ್ರೆ ನುಂಗಿದರು, ಮೈಮೇಲೆ ಗಂಧೆ ಎದ್ದಿತ್ತೇ ಎಂಬುದನ್ನೂ ಹೇಳಿ. ಇಸಿಜಿಯ ಗೆರೆಗಳಲ್ಲಿ ಹೃದಯದ ಗಾಸಿ ಕಾಣುತ್ತದೆ, ಜೇನುಹುಳ ಕಾಣುವುದಿಲ್ಲ.